ಅರ್ಧ ಚರಂಡಿಯ ಪೂರ್ತಿ ಕಡತ

ಬಯಲುಸೀಮೆಯ ಒಂದು ಗ್ರಾಮ ಪಂಚಾಯಿತಿಯಲ್ಲಿ ನಡೆದ ಪ್ರಕರಣ ಇದು. ಊರಿನ ಹೆಸರು ಬೇಡ. ಅರ್ಧಕ್ಕೆ ನಿಂತ ಚರಂಡಿಯ ಬಗ್ಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದವರು ಆ ಬೀದಿಯಲ್ಲೇ ಚಿಲ್ಲರೆ ಅಂಗಡಿ ಇಟ್ಟುಕೊಂಡಿರುವ ಹೆಂಗಸು. ಊರಿಗೆಲ್ಲ ಅವರು ಅಂಗಡಿ ಅಕ್ಕ. ಇಲ್ಲೂ ಹಾಗೇ ಇರಲಿ. ಎರಡನೇ ಅರ್ಜಿಯಿಂದ ಮುಂದಿನ ಕಾಗದಗಳನ್ನು ಬರೆದುಕೊಟ್ಟವನು ನಾನು.

ಬೀದಿಗೆ ಸಿ.ಸಿ., ಅಂದರೆ ಸಿಮೆಂಟ್ ಕಾಂಕ್ರೀಟ್, ಚರಂಡಿ ಮಂಜೂರಾಗಿತ್ತು. ಮೇಲಿನ ತುದಿಯಿಂದ ಶುರುವಾದ ಕೆಲಸ ಅಕ್ಕನ ಅಂಗಡಿ ಇನ್ನೂ ನಾಲ್ಕು ಮನೆ ಆಚೆ ಇರುವಾಗಲೇ ನಿಂತುಹೋಯಿತು. ಮೊದಲು ಮನೆ ಮನೆಯ ಬಚ್ಚಲು ನೀರು ಅಲ್ಲಲ್ಲೇ ಇಂಗುತ್ತಿತ್ತು. ಈಗ ಮೇಲಿನ ಮನೆಗಳ ನೀರೆಲ್ಲ ಒಟ್ಟಾಗಿ ಹರಿದು ಬಂದು, ಚರಂಡಿ ಮುಗಿದ ಜಾಗದಲ್ಲಿ ಬೀದಿಗೆ ಬೀಳುತ್ತದೆ. ಮಳೆ ಬಂದರೆ ಸೀದಾ ಅಂಗಡಿ ಮೆಟ್ಟಿಲು. ಚರಂಡಿ ಇಲ್ಲದಿದ್ದಾಗಲೇ ಚೆನ್ನಾಗಿತ್ತು ಅನ್ನುವ ಪರಿಸ್ಥಿತಿ.

ಪಂಚಾಯಿತಿಯಲ್ಲಿ ಕೇಳಿದರೆ ಒಬ್ಬೊಬ್ಬರದು ಒಂದೊಂದು ಮಾತು. ‘ಅನುದಾನ ಬಂದಿಲ್ಲ ಅಕ್ಕಾ’ ಅಂದರು ಬಿಲ್ ಕಲೆಕ್ಟರ್. ‘ಮುಂದಿನ ಸಲ ಮಾಡ್ಸೋಣ ಬಿಡಕ್ಕ’ ಅಂದರು ವಾರ್ಡಿನ ಸದಸ್ಯರು. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಅಂದರೆ ಪಿಡಿಒ ಅವರದು, ‘ಜೆಇ ಸಾರ್‌ನ ಕೇಳಿ.’ ಜೆಇ, ಅಂದರೆ ಕಿರಿಯ ಎಂಜಿನಿಯರ್, ವಾರದಲ್ಲಿ ಯಾವ ದಿನ ಯಾವ ಪಂಚಾಯಿತಿಯಲ್ಲಿ ಸಿಗುತ್ತಾರೆ ಅನ್ನೋದು ಯಾರಿಗೂ ಗೊತ್ತಿಲ್ಲ.

ಅಕ್ಕನ ಮಗ ಮೊಬೈಲ್‌ನಲ್ಲಿ ಇ-ಗ್ರಾಮ್‌ಸ್ವರಾಜ್ ತೆರೆದು ನೋಡಿದ. ಇದು ಕೇಂದ್ರದ ಪಂಚಾಯಿತಿ ರಾಜ್ ಸಚಿವಾಲಯದ ಜಾಲತಾಣ. ಜಿಲ್ಲೆ, ತಾಲ್ಲೂಕು, ಪಂಚಾಯಿತಿ, ವರ್ಷ ಆರಿಸಿದರೆ ಹಣಕಾಸು ಆಯೋಗದ ದುಡ್ಡಿನ ಖರ್ಚು ಕಾಣುತ್ತದೆ. ಪಾಸ್‌ವರ್ಡ್ ಏನೂ ಬೇಡ. ಇವರ ಚರಂಡಿ 15ನೇ ಹಣಕಾಸು ಆಯೋಗದ ಅನುದಾನದ್ದು. ಅದರ ಹೆಸರಲ್ಲಿ ದುಡ್ಡು ಪಾವತಿಯಾಗಿತ್ತು. ಅನುದಾನ ಬಂದಿಲ್ಲ ಅನ್ನುವ ಮಾತು ಅಲ್ಲಿಗೆ ಬಿತ್ತು. ಆದರೆ ಈ ತಾಣ ದುಡ್ಡು ಹೋಯಿತು ಅನ್ನೋದನ್ನು ಹೇಳುತ್ತದೆಯೇ ಹೊರತು, ಎಷ್ಟು ಮೀಟರ್ ಕಾಂಕ್ರೀಟಿಗೆ ಹೋಯಿತು ಅಂತ ಹೇಳೋದಿಲ್ಲ. ಅದಕ್ಕೆ ಕಡತವೇ ಬೇಕು.

ಮೊದಲ ಅರ್ಜಿಯನ್ನು ಬೀದಿಯ ಹುಡುಗರು ಸೇರಿ ಬರೆದಿದ್ದರು. ಹಾಳೆಯ ಎರಡೂ ಬದಿ ತುಂಬಿತ್ತು. ಚರಂಡಿ ಯಾಕೆ ನಿಲ್ಲಿಸಿದಿರಿ, ಯಾರ ಮಾತು ಕೇಳಿ ನಿಲ್ಲಿಸಿದಿರಿ, ದುಡ್ಡು ಯಾರ ಜೇಬಿಗೆ ಹೋಯಿತು, ಹತ್ತು ವರ್ಷದಿಂದ ಬಂದ ಎಲ್ಲ ಅನುದಾನದ ಲೆಕ್ಕ ಕೊಡಿ, ಹೀಗೆ. ಕೊನೆಯಲ್ಲಿ ‘ಇಲ್ಲದಿದ್ದರೆ ಉಗ್ರ ಹೋರಾಟ’ ಅಂತ ಒಂದು ಸಾಲು. ಪಂಚಾಯಿತಿಯಿಂದ ಹಿಂಬರಹ ಬಂತು. ಅರ್ಜಿ ಪ್ರಶ್ನೆಗಳ ರೂಪದಲ್ಲಿದೆ, ಒಂದಕ್ಕಿಂತ ಹೆಚ್ಚು ವಿಷಯಗಳಿವೆ, 150 ಪದ ಮೀರಿದೆ, ಆದ್ದರಿಂದ ಪರಿಗಣಿಸಲು ಬರುವುದಿಲ್ಲ.

ಹುಡುಗರಿಗೆ ಸಿಟ್ಟು ಬಂತು. ಆದರೆ ಈ ಹಿಂಬರಹ ಪೂರ್ತಿ ನೆಪವಾಗಿರಲಿಲ್ಲ. ಕರ್ನಾಟಕದ ಮಾಹಿತಿ ಹಕ್ಕು ನಿಯಮಗಳಿಗೆ 2008ರಲ್ಲಿ ಒಂದು ತಿದ್ದುಪಡಿ ಬಂತು. ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, ಸಾಮಾನ್ಯವಾಗಿ 150 ಪದ ದಾಟಬಾರದು ಅನ್ನುತ್ತದೆ ಅದು. ಈ ನಿಯಮ ಬಂದಾಗಿನಿಂದಲೂ ಇದರ ಮೇಲೆ ಜಗಳ ಇದೆ. ನನಗೂ ಇದು ಇಷ್ಟವಿಲ್ಲ. ಆದರೂ ಒಂದು ಮಾತು. ಕನ್ನಡದಲ್ಲಿ 150 ಪದ ಅಂದರೆ ಕಮ್ಮಿಯೇನಲ್ಲ. ಸಿಟ್ಟನ್ನು ತೆಗೆದರೆ ಮುಕ್ಕಾಲು ಪಾಲು ಅರ್ಜಿಗಳು ಅದರೊಳಗೇ ಮುಗಿಯುತ್ತವೆ.

ಪ್ರಶ್ನೆಯ ವಿಚಾರ ಇನ್ನೂ ಮುಖ್ಯ. ಮಾಹಿತಿ ಹಕ್ಕು ಕಾಯ್ದೆ ಕೊಡಿಸುವುದು ಕಚೇರಿಯಲ್ಲಿ ಇರುವ ದಾಖಲೆಯನ್ನು. ಇಲ್ಲದ ವಿವರಣೆಯನ್ನು ಹೊಸದಾಗಿ ಬರೆದುಕೊಡಿ, ಅಭಿಪ್ರಾಯ ಹೇಳಿ ಅಂತ ಅಧಿಕಾರಿಯನ್ನು ಕೇಳಲು ಬರುವುದಿಲ್ಲ. ಸುಪ್ರೀಂ ಕೋರ್ಟ್ 2011ರಲ್ಲಿ ಸಿಬಿಎಸ್‌ಇ ವಿರುದ್ಧ ಆದಿತ್ಯ ಬಂದೋಪಾಧ್ಯಾಯ ಪ್ರಕರಣದಲ್ಲಿ ಇದನ್ನು ಬಿಡಿಸಿ ಹೇಳಿತು. ‘ಚರಂಡಿ ಯಾಕೆ ನಿಲ್ಲಿಸಿದಿರಿ’ ಅನ್ನೋದಕ್ಕೆ ಕಡತದಲ್ಲಿ ಉತ್ತರವೇ ಇರಲಿಕ್ಕಿಲ್ಲ. ‘ಚರಂಡಿಯ ಅಳತೆ ಪುಸ್ತಕದ ಪುಟ ಕೊಡಿ’ ಅಂದರೆ ಆ ಪುಟ ಯಾವುದೋ ಬೀರುವಿನಲ್ಲಿ ಇದ್ದೇ ಇರಬೇಕು. ಅದಿಲ್ಲದೆ ಬಿಲ್ ಆಗೋದಿಲ್ಲ.

ಹತ್ತು ವರ್ಷದ ಲೆಕ್ಕ ಕೇಳುವುದರ ಬಗ್ಗೆಯೂ ಹೇಳಬೇಕು. ಪಂಚಾಯಿತಿಯಲ್ಲಿ ಇರುವವರು ಒಬ್ಬ ಪಿಡಿಒ, ಒಬ್ಬ ಕಾರ್ಯದರ್ಶಿ ಅಥವಾ ಲೆಕ್ಕ ಸಹಾಯಕ, ಒಬ್ಬ ಡೇಟಾ ಆಪರೇಟರ್, ಬಿಲ್ ಕಲೆಕ್ಟರ್, ನೀರುಗಂಟಿ. ಇಂಥ ಕಡೆ ‘ಎಲ್ಲ ಕಾಮಗಾರಿಗಳ ಎಲ್ಲ ದಾಖಲೆ’ ಅಂದರೆ ಅವರಿಗೆ ಅದು ಬೆದರಿಕೆಯಾಗಿಯೇ ಕೇಳಿಸುತ್ತದೆ. ಎಷ್ಟೋ ಕಡೆ ಅದು ಬೆದರಿಕೆಯೇ ಆಗಿರುತ್ತದೆ. ಅರ್ಜಿ ಹಾಕಿ ಆಮೇಲೆ ‘ಮಾತಾಡ್ಕೊಳ್ಳೋಣ’ ಅನ್ನುವವರು ತಾಲ್ಲೂಕಿಗೆ ಒಬ್ಬಿಬ್ಬರಾದರೂ ಇದ್ದಾರೆ. ನಿಜವಾಗಿ ಬೇಕಾದವರ ಅರ್ಜಿಯನ್ನೂ ಕಚೇರಿ ಅನುಮಾನದಿಂದ ನೋಡುವುದಕ್ಕೆ ಅವರೂ ಕಾರಣ.

ಎರಡನೇ ಅರ್ಜಿಗೆ ಕೂರುವ ಮುಂಚೆ ಒಂದು ಚರಂಡಿಯ ಹುಟ್ಟಿನಿಂದ ಬಿಲ್‌ವರೆಗೆ ಯಾವ ಯಾವ ಕಾಗದ ಹುಟ್ಟುತ್ತದೆ ಅಂತ ಅಕ್ಕನಿಗೆ ಹೇಳಿದೆ. ಮೊದಲು ಗ್ರಾಮಸಭೆಯಲ್ಲಿ ಬೇಡಿಕೆ ಬರುತ್ತದೆ. ಅದು ಪಂಚಾಯಿತಿ ಸಭೆಗೆ ಹೋಗಿ ಕ್ರಿಯಾ ಯೋಜನೆಯಲ್ಲಿ ಸೇರುತ್ತದೆ, ನಡಾವಳಿ ಪುಸ್ತಕದಲ್ಲಿ ಬರೆಯುತ್ತಾರೆ. ಎಂಜಿನಿಯರ್ ಅಂದಾಜು ಪಟ್ಟಿ ಮಾಡುತ್ತಾರೆ, ತಾಂತ್ರಿಕ ಮಂಜೂರಾತಿ ಆಗುತ್ತದೆ. ಆಮೇಲೆ ಗುತ್ತಿಗೆದಾರರಿಗೆ ಕಾರ್ಯಾದೇಶ. ಕೆಲಸ ಆದ ಮೇಲೆ ಜೆಇ ಟೇಪು ಹಿಡಿದು ಅಳೆದು ಅಳತೆ ಪುಸ್ತಕದಲ್ಲಿ ಉದ್ದ, ಅಗಲ, ಆಳ ಬರೆಯುತ್ತಾರೆ. ಎಲ್ಲರೂ ಎಂ.ಬಿ. ಅನ್ನೋದು ಇದನ್ನೇ. ಎಂ.ಬಿ. ನೋಡಿ ಬಿಲ್, ಬಿಲ್ ನೋಡಿ ಪಾವತಿ. ಜೊತೆಗೆ ಕೆಲಸಕ್ಕೆ ಮುಂಚೆ, ನಡುವೆ, ಮುಗಿದ ಮೇಲೆ ತೆಗೆದ ಫೋಟೋಗಳು. ಇದರಲ್ಲಿ ಜೀವ ಇರುವುದು ಎಂ.ಬಿ.ಯಲ್ಲಿ. ಉಳಿದ ಕಾಗದಗಳು ಏನು ಮಾಡಬೇಕು ಅಂತ ಹೇಳುತ್ತವೆ. ನೆಲದ ಮೇಲೆ ಏನಾಯಿತು ಅಂತ ಸಹಿ ಹಾಕಿ ಹೇಳುವುದು ಅದೊಂದೇ.

ಅರ್ಜಿ ನಮೂನೆ ಎ-ಯಲ್ಲಿ ಹೀಗೆ ಹೋಯಿತು: ‘ಇಂಥ ವರ್ಷದ ಕ್ರಿಯಾ ಯೋಜನೆಯ ಇಂಥ ಬೀದಿಯ ಸಿ.ಸಿ. ಚರಂಡಿ ಕಾಮಗಾರಿಗೆ ಸಂಬಂಧಿಸಿದಂತೆ: ಅನುಮೋದನೆಯ ಸಭಾ ನಡಾವಳಿ, ಅಂದಾಜು ಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕದ ಪುಟಗಳು, ಬಿಲ್ಲು ಮತ್ತು ವೋಚರ್, ಮೂರು ಹಂತದ ಫೋಟೋಗಳು, ಕಾಮಗಾರಿಯ ಸ್ಥಳ ಅಥವಾ ಉದ್ದ ಬದಲಾಯಿಸಿದ್ದರೆ ಅದಕ್ಕೆ ಅನುಮೋದನೆ ನೀಡಿದ ನಡಾವಳಿ. ಇವುಗಳ ದೃಢೀಕೃತ ನಕಲು ಕೊಡಿ. ನಕಲಿಗೆ ಮುಂಚೆ ಕಡತ ಪರಿಶೀಲನೆಗೆ ದಿನ ತಿಳಿಸಿ.’ ಅಷ್ಟೇ. ಯಾಕೆ ಬೇಕು ಅಂತ ಒಂದಕ್ಷರ ಬರೆಯಲಿಲ್ಲ. ಕಾಯ್ದೆಯ 6(2)ರ ಪ್ರಕಾರ ಕಾರಣ ಕೇಳುವಂತೆಯೇ ಇಲ್ಲ.

ಕಡತ ಪರಿಶೀಲನೆಯ ಆ ಕೊನೆಯ ಸಾಲನ್ನು ಜಾಸ್ತಿ ಜನ ಬರೆಯೋದೇ ಇಲ್ಲ. 2(ಜೆ) ಕಲಮಿನಲ್ಲಿ ನಕಲು ಪಡೆಯುವುದು ಒಂದು ಹಕ್ಕು ಮಾತ್ರ. ಕಡತ ಬಿಚ್ಚಿ ನೋಡುವುದು, ಟಿಪ್ಪಣಿ ಮಾಡಿಕೊಳ್ಳುವುದು, ಕಾಮಗಾರಿಯನ್ನೇ ಪರಿಶೀಲಿಸುವುದು, ಬಳಸಿದ ಸಾಮಗ್ರಿಯ ಮಾದರಿ ತೆಗೆದುಕೊಳ್ಳುವುದು, ಇವೂ ಅದರಲ್ಲೇ ಇವೆ. ನಕಲು ಅಂದರೆ ಅವರು ಆರಿಸಿ ಕೊಟ್ಟದ್ದು. ಕಡತ ಅಂದರೆ ಪಕ್ಕದ ಪುಟವೂ ಕಾಣುತ್ತದೆ.

ಶುಲ್ಕ 10 ರೂಪಾಯಿ. ಪೋಸ್ಟಲ್ ಆರ್ಡರ್ ಇಟ್ಟು, ಅರ್ಜಿಯನ್ನು ಕೈಯಲ್ಲೇ ಕೊಟ್ಟು, ಇನ್ನೊಂದು ಪ್ರತಿಗೆ ಮೊಹರು ಮತ್ತು ತಾರೀಖು ಹಾಕಿಸಿಕೊಂಡರು. ಟಪಾಲು ತೆಗೆದುಕೊಳ್ಳೋರಿಲ್ಲ, ನಾಳೆ ಬಾ ಅಂದರೆ ಸ್ಪೀಡ್ ಪೋಸ್ಟ್ ಮಾಡಬೇಕು. ರಿಜಿಸ್ಟರ್ಡ್ ಪೋಸ್ಟ್ 2025ರಲ್ಲಿ ಸ್ಪೀಡ್ ಪೋಸ್ಟಿನಲ್ಲೇ ಸೇರಿಹೋಗಿದೆ. ಹೇಗಾದರೂ ಸರಿ, ಅರ್ಜಿ ತಲುಪಿದ ತಾರೀಖಿಗೆ ಸಾಕ್ಷಿ ಇರಬೇಕು. ಮುಂದಿನ ಲೆಕ್ಕವೆಲ್ಲ ನಿಲ್ಲುವುದು ಅದರ ಮೇಲೆ.

ಕಾಯ್ದೆ ಕೊಟ್ಟಿರುವುದು 30 ದಿನ. ಅಷ್ಟು ದಿನ ಪಂಚಾಯಿತಿಯಿಂದ ಸದ್ದಿಲ್ಲ. ಸದ್ದಾಗಿದ್ದು ಅಂಗಡಿಯಲ್ಲಿ. ಸದಸ್ಯರ ಮನೆಯವರು ಸಾಮಾನಿಗೆ ಬಸ್‌ಸ್ಟ್ಯಾಂಡ್ ಹತ್ತಿರದ ಅಂಗಡಿಗೆ ಹೋಗತೊಡಗಿದರು. ‘ಅರ್ಜಿ ವಾಪಸ್ ತಗೊಳಕ್ಕ, ಚರಂಡಿ ತಾನಾಗೇ ಆಗ್ತದೆ’ ಅಂತ ಸಂಬಂಧಿಕರಿಂದ ಹೇಳಿಸಿದರು. ಬೆಂಗಳೂರಿನ ದೊಡ್ಡ ಕಚೇರಿಗೆ ಅರ್ಜಿ ಹಾಕುವುದಕ್ಕೂ ಸ್ವಂತ ಊರಿನ ಪಂಚಾಯಿತಿಗೆ ಹಾಕುವುದಕ್ಕೂ ಇರುವ ವ್ಯತ್ಯಾಸ ಇದೇ. ಇಲ್ಲಿ ಅರ್ಜಿದಾರರು, ಅಧಿಕಾರಿ, ಗುತ್ತಿಗೆದಾರ ಎಲ್ಲರೂ ಒಂದೇ ಜಾತ್ರೆಯಲ್ಲಿ ಎದುರಾಗುವವರು. ಮೂವತ್ತು ದಿನ ಸುಮ್ನೆ ಕಾಯುವುದು ಎಷ್ಟು ಕಷ್ಟ ಅಂತ ಕಾಯ್ದೆ ಬರೆದವರಿಗೆ ಗೊತ್ತಿತ್ತೋ ಇಲ್ಲವೋ.

ಗೊತ್ತಿತ್ತು ಅಂತಲೇ ಅನ್ನಿಸುತ್ತದೆ. ಈ ಕಾಯ್ದೆಯ ಬೇರು ಇರುವುದೇ ಇಂಥ ಹಳ್ಳಿಗಳಲ್ಲಿ. ರಾಜಸ್ಥಾನದ ಕೋಟ್ ಕಿರಾನಾದಲ್ಲಿ 1994ರ ಡಿಸೆಂಬರ್ 2ರಂದು ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ ಮೊದಲ ಜನಸುನವಾಯಿ, ಅಂದರೆ ಜನರ ಮುಂದಿನ ವಿಚಾರಣೆ, ನಡೆಸಿತು. ಪಂಚಾಯಿತಿ ಕಾಮಗಾರಿಗಳ ದಾಖಲೆಗಳನ್ನು ಜನರ ಮುಂದೆ ಗಟ್ಟಿಯಾಗಿ ಓದಿದರು. 1996ರಲ್ಲಿ ಬ್ಯಾವರ್ ಪಟ್ಟಣದಲ್ಲಿ 40 ದಿನ ಧರಣಿ ಕೂತರು. ಅವರು ಕೇಳಿದ್ದು ಬಿಲ್ಲು, ವೋಚರ್, ಹಾಜರಿ ಪಟ್ಟಿಯ ನಕಲು. ಕರ್ನಾಟಕ ತನ್ನದೇ ಮಾಹಿತಿ ಹಕ್ಕು ಕಾಯ್ದೆಯನ್ನು 2000ದಲ್ಲೇ ಮಾಡಿಕೊಂಡಿತ್ತು. ಕೇಂದ್ರದ ಕಾಯ್ದೆ 2005ರ ಅಕ್ಟೋಬರ್ 12ರಿಂದ ಪೂರ್ತಿ ಜಾರಿಗೆ ಬಂತು. ದೇಶಕ್ಕೆಲ್ಲ ಬಂದ ಕಾಯ್ದೆ ಶುರುವಾಗಿದ್ದು ಪಂಚಾಯಿತಿಯ ವೋಚರ್‌ನಿಂದ.

30 ದಿನ ಕಳೆದ ಮೇಲೆ ಒಂದು ಹಿಂಬರಹ ಬಂತು. ‘ಅಳತೆ ಪುಸ್ತಕ ಕಿರಿಯ ಎಂಜಿನಿಯರ್ ಬಳಿ ಇರುತ್ತದೆ, ಅವರನ್ನು ಸಂಪರ್ಕಿಸಿ. ಉಳಿದ ಪುಟಗಳಿಗೆ ತಲಾ 2 ರೂಪಾಯಿಯಂತೆ ಹಣ ಕಟ್ಟಿ ಪಡೆಯಿರಿ.’ ಪರಿಶೀಲನೆ ಬಗ್ಗೆ ಮಾತೇ ಇಲ್ಲ. ಪುಟಕ್ಕೆ 2 ರೂಪಾಯಿ ಅನ್ನೋದು ಸರಿ, ಕರ್ನಾಟಕದ ದರ ಅದೇ. ಆದರೆ ಅವಧಿ ಮೀರಿದರೆ 7(6)ರ ಪ್ರಕಾರ ಮಾಹಿತಿಯನ್ನು ಪುಕ್ಕಟೆ ಕೊಡಬೇಕು. ಅವಧಿಯ ಒಳಗೇ ಹಣ ಕಟ್ಟಿ ಅಂತ ಪತ್ರ ಬರೆದಿದ್ದರೆ ಲೆಕ್ಕ ಬೇರೆ. ಪತ್ರ ಹೋದ ದಿನದಿಂದ ಹಣ ಕಟ್ಟುವ ದಿನದವರೆಗಿನ ಕಾಲವನ್ನು 30 ದಿನದಿಂದ ಬಿಟ್ಟು ಎಣಿಸುತ್ತಾರೆ.

‘ಜೆಇ ಬಳಿ ಇದೆ’ ಅನ್ನುವ ಉತ್ತರ ಕರ್ನಾಟಕದ ಯಾವ ಪಂಚಾಯಿತಿಗೆ ಹೋದರೂ ಸಿಗುತ್ತದೆ. ಅದು ಸುಳ್ಳೂ ಅಲ್ಲ. ಎಂ.ಬಿ. ನಿಜವಾಗಿ ಎಂಜಿನಿಯರ್ ಬ್ಯಾಗಿನಲ್ಲೇ ಓಡಾಡುತ್ತಿರುತ್ತದೆ. ಆದರೆ ತಂದುಕೊಡುವ ಕೆಲಸ ಅರ್ಜಿದಾರರದ್ದಲ್ಲ. ಮಾಹಿತಿ ಅಧಿಕಾರಿಯಾದ ಪಿಡಿಒ 5(4)ರ ಪ್ರಕಾರ ಬೇರೆ ಅಧಿಕಾರಿಯ ನೆರವು ಕೇಳಬಹುದು. ಕೇಳಿದ ಮೇಲೆ 5(5)ರ ಪ್ರಕಾರ ಆ ಅಧಿಕಾರಿಯನ್ನೂ ಈ ಕಾಯ್ದೆಯ ಮಟ್ಟಿಗೆ ಮಾಹಿತಿ ಅಧಿಕಾರಿ ಅಂತಲೇ ಲೆಕ್ಕ ಹಾಕಬೇಕು. ಮಾಹಿತಿ ಪೂರ್ತಿ ಬೇರೆ ಕಚೇರಿಯದ್ದು ಅಂತಾದರೆ 6(3)ರಂತೆ 5 ದಿನದೊಳಗೆ ಅರ್ಜಿಯನ್ನೇ ಅಲ್ಲಿಗೆ ದಾಟಿಸಿ ತಿಳಿಸಬೇಕು. ಪಿಡಿಒ ಎರಡನ್ನೂ ಮಾಡಿರಲಿಲ್ಲ.

ಮೊದಲ ಮೇಲ್ಮನವಿ ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿಗೆ, ಅಂದರೆ ಇಒ ಅವರಿಗೆ. 30 ದಿನದೊಳಗೆ ಹಾಕಬೇಕು, ಶುಲ್ಕವಿಲ್ಲ. ಮೇಲ್ಮನವಿಯಲ್ಲಿ ನಾವು ಬರೆದದ್ದು ಮೂರೇ ವಿಷಯ: ಅವಧಿ ಮೀರಿದೆ, ಎಂ.ಬಿ. ತರಿಸುವ ಹೊಣೆ ಪಿಡಿಒ ಅವರದು, ಪರಿಶೀಲನೆಗೆ ದಿನ ಕೊಟ್ಟಿಲ್ಲ. ಭ್ರಷ್ಟಾಚಾರ ಅನ್ನುವ ಪದವನ್ನು ಹುಡುಗರು ಎಷ್ಟು ಹೇಳಿದರೂ ಸೇರಿಸಲಿಲ್ಲ. ಕಡತ ನೋಡದೆ ಅದನ್ನು ಬರೆಯುವುದು ಹೇಗೆ?

ವಿಚಾರಣೆ ಇಒ ಕೊಠಡಿಯಲ್ಲಿ ನಡೆಯಿತು. ಪಿಡಿಒ ಕಡತದೊಂದಿಗೆ ಬಂದಿದ್ದರು. ‘ಇವ್ರಿಗೆ ಇದೆಲ್ಲ ಯಾಕೆ ಬೇಕು ಅಂತ ಕೇಳಿ ಸಾರ್’ ಅಂದರು. ಅಕ್ಕ ನಿಧಾನವಾಗಿ, ‘ಯಾಕೆ ಅಂತ ಹೇಳಬೇಕಾಗಿಲ್ಲ ಅಂತ ಕಾನೂನಲ್ಲಿದೆಯಂತೆ ಸಾರ್. ಆದ್ರೂ ಹೇಳ್ತೀನಿ. ನಮ್ಮ ಅಂಗಡಿಗೆ ನೀರು ಬರ್ತಾ ಇದೆ’ ಅಂದರು. ಇಒ ಬೇಗ ಮುಗಿಸಿದರು. ಜೆಇ ಎಂ.ಬಿ. ತಂದು ಪಂಚಾಯಿತಿಯಲ್ಲಿ ಇಡಬೇಕು, ಅರ್ಜಿದಾರರಿಗೆ ಪೂರ್ತಿ ಕಡತ ತೋರಿಸಬೇಕು, ಕೇಳಿದ ಪುಟಗಳನ್ನು ಉಚಿತವಾಗಿ ಕೊಡಬೇಕು ಅಂತ ಆದೇಶ. ದಂಡದ ಮಾತು ಅಲ್ಲಿ ಬರಲಿಲ್ಲ, ಬರುವುದೂ ಇಲ್ಲ. ದಿನಕ್ಕೆ 250 ರೂಪಾಯಿಯಂತೆ 25,000ದವರೆಗೆ ದಂಡ ಹಾಕುವ ಅಧಿಕಾರ ಇರುವುದು ಮಾಹಿತಿ ಆಯೋಗಕ್ಕೆ ಮಾತ್ರ.

ಕಡತ ಬಿಚ್ಚಿದ ದಿನ ಎಲ್ಲರ ಊಹೆಯೂ ತಲೆಕೆಳಗಾಯಿತು. ಬೀದಿಯಲ್ಲಿ ಎಲ್ಲರೂ ನಂಬಿದ್ದು ಪೂರ್ತಿ ಚರಂಡಿಗೆ ಬಿಲ್ ಮಾಡಿ ಅರ್ಧ ಕಟ್ಟಿದ್ದಾರೆ ಅಂತ. ಎಂ.ಬಿ.ಯಲ್ಲಿ ಹಾಗಿರಲಿಲ್ಲ. ಅಂದಾಜು ಪಟ್ಟಿಯಲ್ಲಿ ಇದ್ದದ್ದು 110 ಮೀಟರ್. ಎಂ.ಬಿ.ಯಲ್ಲಿ ಎರಡು ತುಂಡು ಅಳತೆ ಇತ್ತು. ಈ ಬೀದಿಯಲ್ಲಿ 68 ಮೀಟರ್, ಮಿಕ್ಕ 42 ಮೀಟರ್ ಇನ್ನೊಂದು ಓಣಿಯಲ್ಲಿ. ಆ ಓಣಿಯ ಕೊನೆಗೆ ಯಾರ ಮನೆ ಇದೆ ಅಂತ ಊರಿಗೇ ಗೊತ್ತು. ಅಲ್ಲಿ ಚರಂಡಿಯೂ ಇದೆ. ಅಕ್ಕನ ಮಗ ಆಮೇಲೆ ಹೋಗಿ ಟೇಪು ಹಿಡಿದು ನೋಡಿದ, ಅಳತೆ ಹೆಚ್ಚುಕಮ್ಮಿ ಸರಿಯಾಗಿತ್ತು. ಮೂರನೇ ಹಂತದ ಫೋಟೋ ಕೂಡ ಆ ಓಣಿಯದೇ. ಹಿಂದೆ ನೀರಿನ ತೊಂಬೆ ಕಾಣುತ್ತಿತ್ತು. ಈ ಬೀದಿಯಲ್ಲಿ ತೊಂಬೆಯೇ ಇಲ್ಲ. ಅಂದರೆ ದುಡ್ಡು ಎಲ್ಲೂ ಮಾಯವಾಗಿರಲಿಲ್ಲ. ಚರಂಡಿ ಬೀದಿ ಬದಲಾಯಿಸಿತ್ತು.

ಜೆಇ ಪ್ರಾಮಾಣಿಕವಾಗಿಯೇ ಅಳತೆ ಬರೆದಿದ್ದರು ಅನ್ನೋದನ್ನು ಒಪ್ಪಬೇಕು. ಹುಡುಗರಿಗೆ ಇದರಿಂದ ಸ್ವಲ್ಪ ನಿರಾಸೆಯೇ ಆಯಿತು. ಆದರೆ ನನ್ನ ಲೆಕ್ಕದಲ್ಲಿ ಇಡೀ ಪ್ರಕರಣದ ತಿರುಳು ಬಂದದ್ದು ಆಮೇಲೆ, ಅರ್ಜಿಯ ಕೊನೆಯ ಅಂಶಕ್ಕೆ ಪಿಡಿಒ ಕೊಟ್ಟ ಉತ್ತರದಲ್ಲಿ. ಸ್ಥಳ ಬದಲಾವಣೆಗೆ ಅನುಮೋದನೆ ಕೊಟ್ಟ ನಡಾವಳಿ ಎಲ್ಲಿ? ಪಿಡಿಒ ಸಹಿ, ಮೊಹರು ಹಾಕಿ ಬರೆದುಕೊಟ್ಟರು: ‘ಸದರಿ ವಿಷಯದ ನಡಾವಳಿ ಕಚೇರಿಯಲ್ಲಿ ಲಭ್ಯವಿರುವುದಿಲ್ಲ.’

‘ಲಭ್ಯವಿಲ್ಲ’ ಅಂತ ಬಂದರೆ ಜನ ಅರ್ಜಿ ಸೋತಿತು ಅಂದುಕೊಳ್ಳುತ್ತಾರೆ. ಇಲ್ಲಿ ಆ ಒಂದು ಸಾಲಿಗಿಂತ ಬೆಲೆಯುಳ್ಳ ಕಾಗದ ಇನ್ನೊಂದು ಇರಲಿಲ್ಲ. ಸಭೆ ಒಪ್ಪಿದ್ದು 110 ಮೀಟರ್, ಈ ಬೀದಿಗೆ. ಬದಲಾಯಿಸಲು ಸಭೆ ಒಪ್ಪಿದ ದಾಖಲೆ ಇಲ್ಲ. ಆದರೂ ಬಿಲ್ ಆಗಿದೆ. ಮೂರೂ ಪಂಚಾಯಿತಿಯದೇ ಮೊಹರಿನಲ್ಲಿ ಅಕ್ಕನ ಕೈಗೆ ಬಂತು. ಬಾಯಲ್ಲಿ ಹೇಳಿದ್ದರೆ ಮಾರನೇ ದಿನ ಬದಲಾಗುತ್ತಿತ್ತು. ಬರೆದುಕೊಟ್ಟ ಮೇಲೆ, ಹಿಂದಿನ ತಾರೀಖಿಗೆ ಒಂದು ನಡಾವಳಿ ಹುಟ್ಟಿಸುವ ದಾರಿಯೂ ಮುಚ್ಚಿತು.

ಗುತ್ತಿಗೆದಾರರ ಬ್ಯಾಂಕ್ ಖಾತೆ ಸಂಖ್ಯೆಯನ್ನು ವೋಚರಿನಲ್ಲಿ ಕಪ್ಪು ಬಳಿದು ಕೊಟ್ಟಿದ್ದರು. ಇದಕ್ಕೆ ಜಗಳ ಬೇಡ ಅಂದೆ. ಗುಟ್ಟಾಗಿಡಬೇಕಾದ ಭಾಗ ತೆಗೆದು ಮಿಕ್ಕದ್ದನ್ನು ಕೊಡಲು 10ನೇ ಕಲಮಿನಲ್ಲೇ ಅವಕಾಶ ಇದೆ, ನಮಗೆ ಆ ಸಂಖ್ಯೆ ಬೇಕಾಗಿಯೂ ಇರಲಿಲ್ಲ. ಆದರೆ ಈ ವೈಯಕ್ತಿಕ ಮಾಹಿತಿಯ ವಿಷಯ ಇನ್ನು ಮುಂದೆ ಕಷ್ಟವಾಗಲಿದೆ. ಮೊದಲು 8(1)(ಜೆ) ಕಲಮಿನಲ್ಲಿ, ಸಾರ್ವಜನಿಕ ಕೆಲಸಕ್ಕೆ ಸಂಬಂಧವಿಲ್ಲದ ಅಥವಾ ಖಾಸಗಿತನಕ್ಕೆ ಧಕ್ಕೆ ತರುವ ವೈಯಕ್ತಿಕ ಮಾಹಿತಿಯನ್ನು ಕೊಡಬೇಕಾಗಿಲ್ಲ ಅಂತಿತ್ತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಆ ಷರತ್ತುಗಳನ್ನು ಕಿತ್ತು, ವೈಯಕ್ತಿಕ ಮಾಹಿತಿ ಅಂದರೆ ಸಾಕು ಅನ್ನುವಂತೆ ಮಾಡಿದೆ. ಫಲಾನುಭವಿಗಳ ಪಟ್ಟಿ, ಕೂಲಿಯವರ ಹಾಜರಿ ಪಟ್ಟಿ ಕೇಳುವವರಿಗೆ ಇದರ ಬಿಸಿ ತಟ್ಟುತ್ತದೆ. ಉಳಿದಿರುವ ದಾರಿ 8(2). ಸಾರ್ವಜನಿಕ ಹಿತ ದೊಡ್ಡದಾಗಿದ್ದರೆ ಕೊಡಬಹುದು ಅನ್ನುವ ಆ ಕಲಮು ಹಾಗೇ ಇದೆ. ಇಂಥ ಅರ್ಜಿಯಲ್ಲಿ ಸಾರ್ವಜನಿಕ ಹಿತ ಏನು ಅಂತ ಒಂದು ಸಾಲು ಸೇರಿಸುವುದು ಒಳ್ಳೆಯದು.

ಎರಡನೇ ಮೇಲ್ಮನವಿ ಬೇಕಾಗಲಿಲ್ಲ. ಬೇಕಾಗಿದ್ದರೆ 90 ದಿನದೊಳಗೆ ರಾಜ್ಯ ಮಾಹಿತಿ ಆಯೋಗಕ್ಕೆ ಹೋಗಬೇಕಿತ್ತು. ಆಯೋಗ ಇರುವುದು ಬೆಂಗಳೂರಿನ ದೇವರಾಜ ಅರಸು ರಸ್ತೆಯ ಮಾಹಿತಿ ಸೌಧದಲ್ಲಿ. ಕಲಬುರಗಿ, ಬೆಳಗಾವಿಯಲ್ಲಿ ಪೀಠಗಳಿವೆ. ಅಲ್ಲಿ ಸರದಿ ಬರುವ ಹೊತ್ತಿಗೆ ಇನ್ನೊಂದೆರಡು ಮಳೆಗಾಲ ಕಳೆದಿರುತ್ತಿತ್ತು. ತಾಲ್ಲೂಕು ಮಟ್ಟದಲ್ಲೇ ಮುಗಿಸಲು ಒದ್ದಾಡಿದ್ದು ಅದಕ್ಕೇ.

ಕಾಗದ ಕೈಗೆ ಬಂದ ಮೇಲೆ ಏನು ಮಾಡಬೇಕು ಅನ್ನೋದರಲ್ಲಿ ಬೀದಿ ಎರಡು ಭಾಗವಾಯಿತು. ಲೋಕಾಯುಕ್ತಕ್ಕೆ ಹೋಗೋಣ ಅಂದರು ಹುಡುಗರು. ಅಕ್ಕ ಒಪ್ಪಲಿಲ್ಲ. ‘ನನಗೆ ಯಾರ ಕೆಲಸಾನೂ ಹೋಗ್ಬೇಕಾಗಿಲ್ಲ, ಚರಂಡಿ ಬೇಕು’ ಅಂದರು. ಜಮಾಬಂದಿ ಹತ್ತಿರ ಬಂದಿತ್ತು. ಕರ್ನಾಟಕದ ಪಂಚಾಯಿತಿಗಳಲ್ಲಿ ವರ್ಷಕ್ಕೊಮ್ಮೆ, ಆಗಸ್ಟ್ 16ರಿಂದ ಸೆಪ್ಟೆಂಬರ್ 15ರ ನಡುವೆ, ಹಿಂದಿನ ವರ್ಷದ ಲೆಕ್ಕ ಮತ್ತು ಕಾಮಗಾರಿಗಳನ್ನು ಜನರ ಮುಂದೆ ಇಡಬೇಕು ಅನ್ನುವ ನಿಯಮ ಇದೆ. ಜಾಸ್ತಿ ಊರುಗಳಲ್ಲಿ ಇದು ಒಂದು ಶಾಮಿಯಾನ, ಒಂದಷ್ಟು ಸಹಿ, ಕಾಫಿ ತಿಂಡಿಯಲ್ಲಿ ಮುಗಿಯುತ್ತದೆ. ಆ ವರ್ಷ ಅಲ್ಲಿ ಅಕ್ಕ ಎದ್ದು ನಿಂತು ಮೂರು ಕಾಗದ ಓದಿದರು. ಮೇಲಿನಿಂದ ಬಂದಿದ್ದ ಅಧಿಕಾರಿ ಪಿಡಿಒ ಕಡೆ ನೋಡಿದರು, ಪಿಡಿಒ ಅಧ್ಯಕ್ಷರ ಕಡೆ ನೋಡಿದರು. ಅನುಮೋದನೆಯಿಲ್ಲದೆ ಸ್ಥಳ ಬದಲಾವಣೆ ಆಗಿದೆ ಅಂತ ಜಮಾಬಂದಿ ವರದಿಯಲ್ಲಿ ಬರೆದುಕೊಂಡರು. ಉಳಿದ 42 ಮೀಟರನ್ನು ಮುಂದಿನ ಕ್ರಿಯಾ ಯೋಜನೆಗೆ ಸೇರಿಸುವುದಾಗಿ ಅಧ್ಯಕ್ಷರು ಹೇಳಿದರು.

ಸ್ಥಳ ಬದಲಾಯಿಸಿದವರ ಮೇಲೆ ಏನೂ ಕ್ರಮ ಆಗಿಲ್ಲ. ಕ್ರಿಯಾ ಯೋಜನೆಯಲ್ಲಿ ಬೀದಿಯ ಹೆಸರು ಸೇರಿದೆ, ನಡಾವಳಿಯ ದೃಢೀಕೃತ ನಕಲು ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿದೆ. ಈ ಸಲ ಕ್ರಿಯಾ ಯೋಜನೆಯಲ್ಲಿ ‘ಇಂಥವರ ಮನೆಯಿಂದ ಇಂಥವರ ಅಂಗಡಿವರೆಗೆ’ ಅಂತ ಶುರು ಮತ್ತು ಕೊನೆ ಎರಡನ್ನೂ ಬರೆಸಿದ್ದಾರೆ. ಹಿಂದಿನ ಸಲ ಇದ್ದದ್ದು ಬರೀ ‘ಇಂಥ ಬೀದಿಯ ಸಿ.ಸಿ. ಚರಂಡಿ’. ಕಾರ್ಯಾದೇಶ ಇನ್ನೂ ಆಗಿಲ್ಲ. ಆಗಿದ್ದರೆ ನಕಲು ಕೊಡಿ ಅಂತ ಹೊಸ ನಮೂನೆ ಎ ಹೋಗಿದೆ. ಅದನ್ನು ಅಕ್ಕ ತಾವೇ ಬರೆದರು.